ಸಾವಿನ ಮನೆಯ ರಂಗಸಜ್ಜಿಕೆ

ನಾನು ಏನು ಓದಿದೆ ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಲು ಹೋಗಿ ಸೋತು ಸುಣ್ಣವಾಗಿದ್ದೇನೆ. ಕಟ್ಟೆಮಳಲವಾಡಿಯಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಹೊಗೆಸೊಪ್ಪು, ರಾಗಿ, ನಾಲೆ ನೀರು ಹತ್ತಿದ ಕಡೆ ಭತ್ತ. ಇಲ್ಲಿ ಹುಡುಗಿ ಓದುತ್ತಿದ್ದಾಳೆ ಎಂದರೆ ನರ್ಸಿಂಗ್, ಇಲ್ಲವೇ ಬಿ.ಎಡ್., ಅದೂ ಇಲ್ಲದಿದ್ದರೆ ಬಿ.ಕಾಂ. ಮಾಡಿ ಹುಣಸೂರಿನ ಯಾವುದೋ ಸೊಸೈಟಿಯಲ್ಲಿ ಕೂರುವುದು. ನಾನು ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಯಾರ ಮಾತೂ ಕೇಳದೆ ರಂಗಶಾಲೆಗೆ ಸೇರಿ, ರಂಗವಿನ್ಯಾಸ ಕಲಿತು ಬಂದೆ. ನಾಟಕ ನಡೆಯುವ ಜಾಗವನ್ನು ಕಟ್ಟುವ ವಿದ್ಯೆ ಅದು. ಅರಮನೆ ಬೇಕೋ, ಬರೀ ಒಂದು ಬಾಗಿಲು ಸಾಕೋ, ಹಿಂದಿನ ಸಾಲಿನಲ್ಲಿ ಕೂತವನಿಗೆ ಪಾತ್ರಧಾರಿಯ ಮುಖ ಕಾಣುತ್ತದೋ ಇಲ್ಲವೋ, ಬೆಳಕು ಎಲ್ಲಿಂದ ಬೀಳಬೇಕು, ಇವೆಲ್ಲ ನನ್ನ ತಲೆನೋವು. ಊರಿನವರು ಇದಿಷ್ಟನ್ನೂ ಕೇಳಿಸಿಕೊಂಡು, 'ಓ, ಸೀನರಿ ಬರ್ಯೋದು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ನನಗಿದ್ದ ಆಸೆ ದೊಡ್ಡದೇನಲ್ಲ. ನಮ್ಮ ಕಡೆಯದೇ ಒಂದು ಶಾಲೆಯಲ್ಲಿ ಚಿತ್ರಕಲೆ, ನಾಟಕ ಎರಡನ್ನೂ ಕಲಿಸುವ ಟೀಚರ್ ಆಗಬೇಕು. ಮಕ್ಕಳನ್ನು ಕಟ್ಟಿಕೊಂಡು ಗೋಣಿಚೀಲ, ಬಿದಿರು, ಹಳೆ ಸೀರೆಗಳಲ್ಲೇ ರಂಗ ಕಟ್ಟಬೇಕು. ಅಂಥ ಒಂದು ಕೆಲಸ ಹತ್ತಿರದಲ್ಲೇ ಇತ್ತು. ನಮ್ಮೂರಿನ ಮಕ್ಕಳು ಹೋಗುವ, ಒಂದು ಸಮಿತಿ ನಡೆಸುವ ಶಾಲೆ. ಅದರ ಹೆಡ್‌ಮಾಸ್ಟರ್ ನನಗೆ ಗೊತ್ತಿದ್ದವರು, ಒಳ್ಳೆಯ ಮನುಷ್ಯ. 'ಸಂಕ್ರಾಂತಿ ಕಳೀಲಿ, ಬಂದು ಒಂದು ಪಾಠ ಮಾಡಿ ತೋರ್ಸಮ್ಮ. ಅಧ್ಯಕ್ಷರು ನೋಡಿ ಹೂಂ ಅಂದ್ರೆ ಜೂನ್‌ನಿಂದ ತಗೊಳ್ಳಣ' ಎಂದಿದ್ದರು. ಅಷ್ಟು ಮಾತಿಗೇ ನಾನು ಮನಸ್ಸಿನಲ್ಲಿ ಆ ಶಾಲೆಯ ಗೋಡೆಗಳಿಗೆಲ್ಲ ಬಣ್ಣ ಬಳಿದು ಮುಗಿಸಿದ್ದೆ.

ಮನೆಯಲ್ಲಿ ನನ್ನ ಪಕ್ಷ ಅಂತ ಇದ್ದವರು ತಾತ ಒಬ್ಬರೇ. ಊರಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದ ಕಾಲದಲ್ಲಿ ತಾತ ಪಾತ್ರ ಮಾಡಿದವರಲ್ಲ. ಅವರಿಗೆ ಹಾಡು ಬರುತ್ತಿರಲಿಲ್ಲ, ಮಾತು ನೆನಪಿರುತ್ತಿರಲಿಲ್ಲ. ಅವರದು ಪರದೆ ಎಳೆಯುವ ಹಗ್ಗ. ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. 'ಪಾತ್ರದೋರ್ನ ಎಲ್ರೂ ನೋಡ್ತಾರೆ, ಅಗ್ಗ ಇಡ್ದೋನ್ನ ಯಾರೂ ನೋಡಾಕಿಲ್ಲ. ಆದ್ರೆ ನಾನ್ ಎಳೀದಿದ್ರೆ ಯಾವ ರಾಜ್ನೂ ಕಾಣಾಕಿಲ್ಲ ಕಣವ್ವ' ಎಂದು ನನಗೆ ಹೇಳುತ್ತಿದ್ದರು. ಊರಲ್ಲಿ ನಾಟಕ ನಿಂತುಹೋದ ಮೇಲೆ ಆ ಹಗ್ಗ ನಮ್ಮ ಮನೆಗೆ ಬಂತು. ಕರು ಕಟ್ಟಲು ಬಳಸುತ್ತಿದ್ದೆವು.

ರಂಗಶಾಲೆಯ ಕೊನೆಯ ನಾಟಕಕ್ಕೆ ರಂಗಸಜ್ಜಿಕೆ ನನ್ನದೇ ಆಗಿತ್ತು. ತಾತ ಬರುತ್ತೇನೆಂದು ಹೊಸ ಪಂಚೆ ತೆಗೆದಿಡಿಸಿದ್ದರು. ಹೊರಡುವ ಹಿಂದಿನ ವಾರ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡರು. ಮೊಬೈಲಿನಲ್ಲಿ ಫೋಟೊ ತೋರಿಸಿದರೆ, ಕಣ್ಣಿಗೆ ಪೊರೆ ಬಂದಿತ್ತಲ್ಲ, 'ಏನೋ ಬೆಳ್ಳಗೆ ಕಾಣ್ತದೆ' ಎಂದರು. ರಟ್ಟಿನಲ್ಲಿ ಮಾಡಿದ್ದ ಪುಟ್ಟ ಮಾದರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅವರು ಅದನ್ನು ಕೈಯಿಂದ ತಡವಿ ನೋಡಿದರು. ಆಮೇಲೆ, 'ಇದೆಲ್ಲ ಬುಡು. ನಮ್ಮೂರಲ್ಲೇ ಒಂದ್ ಕಟ್ಟು, ಆಗ ಕೂತ್ಕಂಡ್ ನೋಡ್ತೀನಿ' ಎಂದರು. ಅವ್ವ ಆ ಮಾದರಿಯನ್ನು ಅಟ್ಟದ ಮೇಲಿಟ್ಟಳು. ಇಲಿಗಳು ಅದರ ಮೆಟ್ಟಿಲುಗಳನ್ನು ತಿಂದುಹಾಕಿದವು.

ಆ ವರ್ಷದ ಚಳಿಗಾಲದಲ್ಲಿ, ಬೆಳಗಿನ ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಜಗಲಿಯ ಕಂಬಕ್ಕೆ ಒರಗಿದ ತಾತ ಮತ್ತೆ ಏಳಲಿಲ್ಲ. ನಿದ್ದೆ ಮಾಡುತ್ತಿದ್ದಾರೆಂದುಕೊಂಡು ನಾನು ಅವರ ಮುಂದೆಯೇ ಅಂಗಳ ಗುಡಿಸಿದ್ದೆ.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ತಲೆಗೆ ಪೇಟ ಸುತ್ತಿ, ಚಕ್ಕಂಬಕ್ಕಳ ಕೂರಿಸುತ್ತೇವೆ. ಹಾಗೆ ಕೂತವರನ್ನು ಹೊರಲು ಬಿದಿರಿನಲ್ಲಿ ಮಂಟಪದಂಥದ್ದೊಂದನ್ನು ಕಟ್ಟಿ, ಬಣ್ಣದ ಕಾಗದ, ಹೂವು, ಬಾಳೆದಿಂಡು ಹಚ್ಚಿ ಸಿಂಗರಿಸುತ್ತೇವೆ. ಅದಕ್ಕೆ ವಿಮಾನ ಎನ್ನುತ್ತೇವೆ. ಅದರಲ್ಲಿ ಕೂತು ಊರೆಲ್ಲ ಸುತ್ತಿಯೇ ಮಣ್ಣಿಗೆ ಹೋಗುವುದು. ಊರಿಗೆ ವಿಮಾನ ಕಟ್ಟಿಕೊಡುತ್ತಿದ್ದವನು ಆಗ ಹೆಂಡತಿ ಮಕ್ಕಳ ಸಮೇತ ಕೊಡಗಿನ ತೋಟಕ್ಕೆ ಕಾಫಿ ಕೊಯ್ಯಲು ಹೋಗಿದ್ದ.

ಗಂಡಸರೆಲ್ಲ ಅಂಗಳದಲ್ಲಿ ನಿಂತು ಇನ್ನೇನು ಮಾಡುವುದೆಂದು ಮಾತಾಡುತ್ತಿದ್ದರು. ಪಿರಿಯಾಪಟ್ಟಣದಿಂದ ಯಾರನ್ನೋ ಕರೆಸೋಣ ಎಂದು ದೊಡ್ಡಪ್ಪ ಫೋನು ತೆಗೆದರು. ಪಕ್ಕದ ಮನೆಯಾತ ತಡೆದ.

'ಮನೇಲೇ ಸೀನರಿ ಓದಿರೋಳು ಅವ್ಳಲ್ಲ. ಅವ್ಳೇ ಕಟ್ಲಿ ಬುಡಿ.'

'ಎಣ್ಮಗ ಕಣ್ರಪ್ಪ ಅದು, ಅವ್ಳಿಂದೆಲ್ಲ ಕಟ್ಸಾರ' ಎಂದು ಅವ್ವ ಒಳಗಿನಿಂದಲೇ ಅಳುತ್ತ ಹೇಳಿದಳು.

ಅಪ್ಪ ನನ್ನ ಮುಖ ನೋಡಿದರು. ನಾನು ರಂಗಶಾಲೆಗೆ ಸೇರಿದ ಮೇಲೆ ನನ್ನ ಓದಿನ ವಿಷಯ ಅವರು ಎತ್ತಿದ್ದೇ ಇಲ್ಲ. ಅವತ್ತು, 'ಕಟ್ತೀಯೇನವ್ವ?' ಎಂದು ಕೇಳಿದರು. ಬಹಳ ಮೆತ್ತಗೆ ಕೇಳಿದರು. ನನಗೆ ಇಲ್ಲ ಎನ್ನಲು ಆಗಲಿಲ್ಲ.

ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನಿನ ಮುಂದೆ ಬಿದಿರು ಸೀಳಿಸಿ ಹಾಕಿಸಿದೆ. ಕೆಲಸ ಶುರುವಾದ ಮೇಲೆ ನಾನು ಬೇರೆಯವಳೇ ಆದೆ. ಸಾಮಾನ್ಯವಾಗಿ ವಿಮಾನದ ಕಮಾನನ್ನು ತೀರ ಎತ್ತರಕ್ಕೆ ಕಟ್ಟಿ, ಮುಂದೆ ಹೂವಿನ ಸರ ಇಳಿಬಿಟ್ಟು, ಕೂತವರ ಮುಖವನ್ನೇ ಮುಚ್ಚಿಬಿಡುತ್ತಾರೆ. ನಾನು ಸರಗಳನ್ನೆಲ್ಲ ಎರಡು ಬದಿಗೆ ಎಳೆದು ಕಟ್ಟಿದೆ. ಕೂರುವ ಹಲಗೆಯನ್ನು ಮುಂದಕ್ಕೆ ಒಂದಿಷ್ಟು ಬಾಗಿಸಿದೆ, ನೆಲದ ಮೇಲೆ ನಿಂತ ಮಗುವಿಗೂ ಮುಖ ಕಾಣಲಿ ಎಂದು. ಹಿಂಬದಿಗೆ ಬಿಳಿ ಬಟ್ಟೆಯೊಂದನ್ನೇ ಬಿಟ್ಟೆ, ಪೇಟದ ಕೆಂಪು ಎದ್ದು ಕಾಣಲಿ ಎಂದು. ಕಮಾನಿನ ನೆತ್ತಿಯ ಗಂಟಿಗೆ ಹಗ್ಗ ಸಾಲದಾದಾಗ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿಕೊಂಡು ಬಂದೆ. ಅದು ಯಾವ ಹಗ್ಗ ಎಂದು ಅಪ್ಪನಿಗೆ ಗೊತ್ತಿತ್ತು. ಅವರು ಅದರ ಇನ್ನೊಂದು ತುದಿ ಹಿಡಿದುಕೊಂಡರು.

ಅಷ್ಟರಲ್ಲಿ ಊರಿನ ಮಕ್ಕಳು ಬಂದು ಸುತ್ತ ಕೂತಿದ್ದವು. ಭಾನುವಾರ, ಅವಕ್ಕೂ ಬೇರೆ ಕೆಲಸವಿರಲಿಲ್ಲ. ಸುಮ್ಮನೆ ನೋಡುತ್ತಿದ್ದವರ ಕೈಗೆ ಬಣ್ಣದ ಕಾಗದ ಕೊಟ್ಟೆ. ಹೀಗೆ ಮಡಿಸು, ಮತ್ತೆ ಮಡಿಸು, ಮೂಲೆ ಕತ್ತರಿಸು, ಈಗ ಬಿಚ್ಚು. ಬಿಚ್ಚಿದಾಗ ಕಾಗದದ ತುಂಬ ಹೂವಿನ ಬಲೆ. ಅವರ ಬಾಯಿ ತೆರೆದುಕೊಂಡಿತು. ಒಬ್ಬರಿಗೊಬ್ಬರು ತೋರಿಸಿಕೊಂಡು, ಜಗಳಾಡಿ, ನನಗೆ ಬೇಕಾದುದಕ್ಕಿಂತ ಹೆಚ್ಚೇ ಮಾಡಿಕೊಟ್ಟರು. ಇದನ್ನು ಹೇಳಿದರೆ ಕೇಳಿದವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ಒಳಗೆ ನನ್ನ ತಾತನಿಗೆ ಸ್ನಾನ ಮಾಡಿಸುತ್ತಿದ್ದರು, ಅವ್ವನ ಅಳು ಕೇಳಿಸುತ್ತಿತ್ತು. ಆದರೂ ಆ ಮಕ್ಕಳ ನಡುವೆ ನಾನು ಖುಷಿಯಾಗಿದ್ದೆ. ಟೀಚರ್ ಆದರೆ ದಿನವೂ ಹೀಗೇ ಇರುತ್ತದೆ ಎಂದು ಯೋಚಿಸಿದ್ದೂ ನೆನಪಿದೆ.

ಮಧ್ಯಾಹ್ನ ತಾತನನ್ನು ತಂದು ಕೂರಿಸಿದರು. ತಮಟೆ ಶುರುವಾಯಿತು, 'ಹರಹರ ಮಹಾದೇವ' ಎಂದು ನಾಲ್ವರು ಹೆಗಲು ಕೊಟ್ಟರು. ಬೀದಿಯ ತುದಿಯವರೆಗೂ ಅವರ ಮುಖ ಕಾಣುತ್ತಿತ್ತು. ಊರಲ್ಲಿ ಒಂದು ಕಟ್ಟು ಎಂದಿದ್ದರು, ಕಟ್ಟಿದ್ದೆ. ಕೂತುಕೊಂಡು ನೋಡುತ್ತೇನೆ ಎಂದಿದ್ದರು. ಕೂತಿದ್ದರು, ಕಣ್ಣು ಮಾತ್ರ ಮುಚ್ಚಿತ್ತು. ನಾನು ಬ್ಯಾರನ್ನಿನ ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು, ಬೆಳಗಿನಿಂದ ಬಾರದ ಅಳುವನ್ನೆಲ್ಲ ಅತ್ತೆ.

ಆ ವಿಮಾನದ ಫೋಟೊ ಯಾರ ಯಾರದೋ ಸ್ಟೇಟಸ್‌ನಲ್ಲಿ ಓಡಾಡಿತು. ತಿಂಗಳು ಕಳೆಯುವಷ್ಟರಲ್ಲಿ ನನ್ನ ಫೋನಿಗೆ ಸಾವಿನ ಕರೆಗಳು ಬರತೊಡಗಿದವು. ಕೆ.ಆರ್. ನಗರದ ಕಡೆಯ ನೆಂಟರು, ಪಿರಿಯಾಪಟ್ಟಣದ ಅತ್ತೆಯ ಊರಿನವರು. 'ನಿಮ್ ತಾತಂಗೆ ಕಟ್ಟಿದ್ರಲ್ಲವ್ವ, ಅಂಥದೇ.' ರಂಗಸಜ್ಜಿಕೆಗೆ ಕರೆಯಲಿ ಎಂದು ಮೈಸೂರಿನ ತಂಡಗಳಿಗೆಲ್ಲ ನಂಬರು ಹಂಚಿ ಬಂದಿದ್ದೆ. ಆ ಕಡೆಯಿಂದ ಒಂದು ಮಿಸ್ಡ್ ಕಾಲ್ ಕೂಡ ಇಲ್ಲ. ಅತ್ತೆಯ ಊರಿಗೊಂದು ಸಲ ಹೋಗಿ ಕಟ್ಟಿಕೊಟ್ಟೆ, ನೆಂಟಸ್ತಿಕೆ ನೋಡಿ. ಬಂದ ಮೇಲೆ ಅವ್ವ ಹಿತ್ತಿಲ ಬಾಗಿಲಲ್ಲೇ ತಲೆಗೆ ನೀರು ಹೊಯ್ದಳು. 'ಸೀನರಿ ಅಂತ ಓದಿ ಎಣದ ಮನೆ ಪಾಲಾದೆ' ಎಂದಳು. ನನಗೂ ಉರಿಯಿತು. 'ನಾನೇನ್ ಬೇಡ್ಕಂಡಿದ್ನಾ?' ಎಂದು ರೇಗಿದೆ. ಇಬ್ಬರೂ ಅವತ್ತು ಊಟ ಮಾಡಲಿಲ್ಲ.

ಈ ಗೋಳೆಲ್ಲ ಶಾಲೆಯ ಪಾಠ ಒಂದು ಸರಿಯಾಗಿ ನಡೆದರೆ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ಸಂಕ್ರಾಂತಿ ಕಳೆದು, ಹೆಡ್‌ಮಾಸ್ಟರ್ ಕರೆದರು. ಐದನೇ ತರಗತಿ. ಅರ್ಧಕ್ಕರ್ಧ ನಮ್ಮೂರಿನ ಮಕ್ಕಳೇ, ತಾತ ಹೋದ ದಿನ ಕಾಗದ ಕತ್ತರಿಸಿದ್ದವರು. ನನ್ನನ್ನು ಕಂಡೊಡನೆ ಕೇಕೆ ಹಾಕಿದರು. ಸಮಿತಿಯ ಅಧ್ಯಕ್ಷರು ಹುಣಸೂರಿನಲ್ಲಿ ಅಂಗಡಿ ಇಟ್ಟಿದ್ದ ಹಿರಿಯರು. ಅವರು ಬರುವುದು ತಡವಾಗುತ್ತದೆ, ನೀನು ಶುರುಮಾಡು ಎಂದರು ಹೆಡ್‌ಮಾಸ್ಟರ್. ಅಧ್ಯಕ್ಷರ ಮೊಮ್ಮಗಳೂ ಅದೇ ತರಗತಿಯಲ್ಲಿದ್ದಳು. ಪುಟ್ಟ ಮೈಯ, ದೊಡ್ಡ ಕಣ್ಣಿನ ಹುಡುಗಿ.

ಒಬ್ಬ ರಾಜನಿದ್ದಾನೆ, ಅವನಿಗೆ ಬೇಕಾದುದನ್ನೆಲ್ಲ ನಾವೇ ಮಾಡೋಣ ಎಂದೆ. ಬಿದಿರ ದಬ್ಬೆ, ಹಳೆ ಪೇಪರು, ಬಣ್ಣದ ಕಾಗದ, ಮೈದಾ ಅಂಟು ತಂದಿದ್ದೆ. ಕಾಗದ ಮಡಿಸಿ ಹೂವಿನ ಬಲೆ ಕತ್ತರಿಸುವುದನ್ನಷ್ಟೇ ಎಲ್ಲರಿಗೂ ತೋರಿಸಿಕೊಟ್ಟೆ. ಕೆಲವರು ಕಿರೀಟ, ಕೆಲವರು ಪರದೆ, ಉಳಿದವರು ಸಿಂಹಾಸನ. ಹೀಗೇ ಮಾಡಿ ಎಂದು ನಾನು ಹೇಳಲಿಲ್ಲ. ಮಕ್ಕಳು ತಾವು ಕಂಡದ್ದರಿಂದಲೇ ಮಾಡಬೇಕು, ನಾವು ಅಡ್ಡ ಬರಬಾರದು ಎಂಬುದು ನಾನು ರಂಗಶಾಲೆಯಿಂದ ಕಲಿತು ಬಂದ ಪಾಠ. ಕಿರೀಟದವರ ಅಂಟು ನೀರಾಗಿ ಅವರದು ರಂಪವಾಗಿತ್ತು. ನಾನು ಅವರ ಜೊತೆ ಕಾರಿಡಾರಿನಲ್ಲಿ ಕೂತುಬಿಟ್ಟೆ.

ಒಳಗೆ ಸಿಂಹಾಸನ ಎದ್ದು ನಿಂತಿತ್ತು. ಅವರು ಕಂಡಿದ್ದು ಯಾವ ರಾಜನ ಸಿಂಹಾಸನವನ್ನು, ಪಾಪ? ಪೇಟ ಸುತ್ತಿಕೊಂಡು, ಹೂವಿನ ನಡುವೆ ಕೂತು, ಜನರ ಹೆಗಲ ಮೇಲೆ ಮೆರವಣಿಗೆ ಹೋದವರು ಅವರ ಕಣ್ಣ ಮುಂದೆ ಒಬ್ಬರೇ, ನನ್ನ ತಾತ. ಬೆಂಚಿನ ಮೇಲಿದ್ದ ಹಲಗೆ ಎಳೆದು, ಅದರ ಅಡಿಗೆ ಹೊರಲು ಎರಡು ಬಿದಿರ ಗಳು ಕಟ್ಟಿದ್ದರು. ದಬ್ಬೆ ಬಾಗಿಸಿ ಕಮಾನು ಮಾಡಿದ್ದರು. ಸರಗಳನ್ನು ಎರಡು ಬದಿಗೆ ಎಳೆದು ಕಟ್ಟಿದ್ದರು, ಥೇಟ್ ನಾನು ಕಟ್ಟಿದ ಹಾಗೆ. ಹಿಂದೆ ಬಿಳಿ ಬಟ್ಟೆ. ಹೊರುವುದಕ್ಕೆ ಹಗುರ ಎಂದು ಆ ಪುಟ್ಟ ಹುಡುಗಿಯನ್ನೇ ರಾಜನನ್ನಾಗಿ ಆರಿಸಿ, ತಲೆಗೆ ಯಾರದೋ ಶಾಲು ಸುತ್ತಿ, ಹಣೆಯ ತುಂಬ ಸೀಮೆಸುಣ್ಣದ ಪುಡಿ ಬಳಿದು ಕೂರಿಸಿದ್ದರು.

'ಹರಹರ ಮಹಾದೇವ' ಎಂಬ ಕೂಗು ಕೇಳಿ ಅಂಟಿನ ಬಟ್ಟಲು ಬಿಟ್ಟು ಎದ್ದೆ. ನಾನು ಬಾಗಿಲಿಗೆ ಓಡುವುದಕ್ಕೂ ಅಧ್ಯಕ್ಷರು ಹೆಡ್‌ಮಾಸ್ಟರ್ ಜೊತೆ ಕಾರಿಡಾರಿನ ಆ ತುದಿಯಿಂದ ಬಂದು ಅದೇ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಮಕ್ಕಳು ವಿಮಾನವನ್ನು ಎತ್ತಿ ಹಿಡಿದಿದ್ದರು. ಅದರೊಳಗೆ ಅಧ್ಯಕ್ಷರ ಮೊಮ್ಮಗಳು ಚಕ್ಕಂಬಕ್ಕಳ ಹಾಕಿಕೊಂಡು ಕೂತಿದ್ದಳು. ಆ ಹುಡುಗಿಗೆ ನಟನೆ ರಕ್ತದಲ್ಲೇ ಇತ್ತೋ ಏನೋ, ಕಣ್ಣು ಮುಚ್ಚಿಕೊಂಡು, ಕತ್ತನ್ನು ಸ್ವಲ್ಪ ವಾಲಿಸಿದ್ದಳು. ಉಸಿರು ಕೂಡ ಬಿಗಿಹಿಡಿದಿದ್ದಳು.

ನಮ್ಮೂರ ಹುಡುಗಿಯೊಬ್ಬಳು ಮುಂದೆ ಬಂದು ಹೆಮ್ಮೆಯಿಂದ, 'ಟೀಚರ್ ಅವ್ರ ತಾತಂಗೆ ಕಟ್ಟಿದ್ರಲ್ಲ ಸಾರ್, ಅಂಥದೇ' ಎಂದಳು.

ಅಧ್ಯಕ್ಷರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಹೇಳಿಬಿಡುತ್ತಿದ್ದೆನೇನೋ. 'ಇಳಿಸ್ರಪ್ಪ' ಎಂದರು. ಮಕ್ಕಳು ಇಳಿಸಿದರು. ಮೊಮ್ಮಗಳನ್ನು ಎತ್ತಿ ಕೆಳಗೆ ನಿಲ್ಲಿಸಿ, ಶಾಲು ಬಿಚ್ಚಿ, ಹೆಗಲ ಮೇಲಿನ ಟವೆಲಿನಿಂದ ಅವಳ ಹಣೆ ಒರೆಸಿದರು. ಪುಡಿ ಹೋದ ಮೇಲೂ ಒರೆಸುತ್ತಲೇ ಇದ್ದರು. ಹೋಗುವಾಗ ನನ್ನ ಕಡೆ ತಿರುಗಿ, 'ಮನೇಲಿ ನಮ್ಮವ್ವ ಹಾಸಿಗೆ ಹಿಡಿದವ್ರೆ ಕಣಮ್ಮ' ಎಂದರು. ಅಷ್ಟೇ.

ಹೆಡ್‌ಮಾಸ್ಟರ್ ಒಂದು ವಾರ ಬಿಟ್ಟು ಫೋನು ಮಾಡಿದರು. ಅವರಿಗೂ ಹೇಳಲು ಕಷ್ಟವಾಗುತ್ತಿತ್ತು. 'ನಿನ್ ಕೆಲಸದ ಬಗ್ಗೆ ಯಾರದೂ ತಕರಾರಿಲ್ಲಮ್ಮ. ಆದ್ರೆ ನಿನ್ನ ನೋಡಿದ್ರೆ ಮಕ್ಕಳಿಗೆ ಅದೇ ನೆನಪಾಗುತ್ತೆ ಅಂತಾರೆ. ಸದ್ಯಕ್ಕೆ ಡ್ರಾಯಿಂಗ್‌ಗೆ ಯಾರೂ ಬೇಡ ಅಂದವ್ರೆ' ಎಂದರು. ನಾನು ಆಯ್ತು ಸಾರ್ ಎಂದೆ. ಫೋನು ಇಟ್ಟ ಮೇಲೆ ಬ್ಯಾರನ್ನಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊಗೆಸೊಪ್ಪಿನ ಕಾಲ ಮುಗಿದು ಅದು ಖಾಲಿ ಬಿದ್ದಿತ್ತು. ಸಿಟ್ಟು ಎಂದರೆ ಸಿಟ್ಟು. ಆ ಮಕ್ಕಳು ಒಂದು ಸಲ ನೋಡಿದ್ದನ್ನು ನೆನಪಿಟ್ಟುಕೊಂಡು, ಭಾರ ತಡೆಯುವಂತೆ ಕಟ್ಟಿ, ಕೂತವಳ ಮುಖ ಎಲ್ಲರಿಗೂ ಕಾಣುವಂತೆ ಮಾಡಿದ್ದರು. ರಂಗಶಾಲೆಯಲ್ಲಿ ನಾವು ಅದನ್ನು ಕಲಿಯಲು ಎಷ್ಟು ತಿಣುಕಾಡಿದ್ದೆವು. ಅಷ್ಟು ಚೆನ್ನಾಗಿ ಇನ್ಯಾರಿಗೂ ನಾನು ಏನನ್ನೂ ಕಲಿಸಿಲ್ಲ. ಅದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಅಧ್ಯಕ್ಷರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುತ್ತಿರಲಿಲ್ಲ, ಹಣೆ ಒರೆಸುತ್ತಲೇ ಇದ್ದ ಆ ಕೈ ಕಣ್ಣ ಮುಂದೆ ಬರುತ್ತಿತ್ತು. ನನ್ನ ಅವ್ವನಾಗಿದ್ದರೂ ಬಾಗಿಲಲ್ಲೇ ಎದೆ ಬಡಿದುಕೊಳ್ಳುತ್ತಿದ್ದಳು.

ಎಚ್.ಡಿ. ಕೋಟೆಯ ಕಡೆ, ಅಂತರಸಂತೆಯ ಹತ್ತಿರ ಇನ್ನೊಂದು ಶಾಲೆಯಿದೆ ಎಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋಗಿ ಬಂದೆ. ಅವರಿಗೆ ಬೇಕಾಗಿದ್ದುದು ಸ್ಕೂಲ್ ಡೇಗೆ ಸಿನಿಮಾ ಹಾಡಿಗೆ ಡ್ಯಾನ್ಸ್ ಕಲಿಸುವವರು. ನನಗೆ ಡ್ಯಾನ್ಸ್ ಬರುವುದಿಲ್ಲ. ವಾಪಸು ಬರುವಾಗ ಕಿಟಕಿ ಪಕ್ಕ ಕೂತು ಕಾಡನ್ನೂ ನೋಡದೆ, ಮುಂದಿನ ಸೀಟಿನ ಹರಿದ ರೆಕ್ಸಿನ್ನನ್ನೇ ನೋಡುತ್ತ ಬಂದೆ.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅಧ್ಯಕ್ಷರು.

'ನಮ್ಮವ್ವ ಹೋಗ್ಬುಟ್ರು ಕಣಮ್ಮ. ನೀನು ಬಂದು ಕಟ್ಟಿಕೊಡ್ತೀಯಾ?'

'ಕೇಳೋ ಮುಖ ಇಲ್ಲ ನಂಗೆ' ಎಂದೂ ಸೇರಿಸಿದರು.

ಅವ್ವ ಹೋಗಬೇಡ ಎಂದಳು. 'ಕೂಸ್ನ ಇಮಾನದಲ್ಲಿ ಕೂರ್ಸಿದ್ಕೇ ಅಜ್ಜಿ ಓಯ್ತು ಅಂತಾರೆ, ಎದುರ್ಗೇ ಅಂತಾರೆ, ಬ್ಯಾಡ ಕಣವ್ವ.' ಅದೇ ಹೆದರಿಕೆ ನನಗೂ ಇತ್ತು. ಆದರೂ ಅಪ್ಪ ಬೈಕ್ ತೆಗೆದರು, ನಾನು ಹಿಂದೆ ಕೂತೆ.

ಹುಣಸೂರಿನ ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾನು ತಲೆ ಎತ್ತದೆ ಬಿದಿರಿನ ಹತ್ತಿರ ಹೋಗಿ ಕೂತು ಕೆಲಸ ಶುರುಮಾಡಿದೆ. ಕುರ್ಚಿಗಳ ಕಡೆಯಿಂದ ಹೆಂಗಸೊಬ್ಬಳ ದನಿ ಬಂತು. 'ಇವ್ಳೇ ಅಲ್ವ್ರಾ, ಆ ಮಗೂನ ಅದ್ರಲ್ಲಿ ಕೂರ್ಸಿದ್ದು?' ನಾನು ಇನ್ನೊಂದು ಗಂಟು ಬಿಗಿದೆ.

ಸ್ವಲ್ಪ ಹೊತ್ತಿಗೆ ಆ ಪುಟ್ಟ ಹುಡುಗಿ ಬಂದು ನನ್ನಿಂದ ದೂರದಲ್ಲಿ ನಿಂತಳು. ಅತ್ತು ಅತ್ತು ಮುಖ ಊದಿತ್ತು. ಹತ್ತಿರ ಬರಬಹುದೋ ಬಾರದೋ ಎಂದು ಸುತ್ತಲಿನವರ ಮುಖ ನೋಡುತ್ತಿದ್ದಳು. ಅಧ್ಯಕ್ಷರು ಮನೆಯ ಬಾಗಿಲಲ್ಲಿ ನಿಂತಿದ್ದರು. ಹೆಂಗಸಿನ ಮಾತು ಅವರಿಗೂ ಕೇಳಿಸಿರಬೇಕು. ಎಲ್ಲರಿಗೂ ಕೇಳುವಂತೆ ಅವರು ಮೊಮ್ಮಗಳಿಗೆ ಹೇಳಿದರು.

'ಹೋಗು ಪುಟ್ಟಿ, ಟೀಚರ್ ಪಕ್ಕ ಕೂತ್ಕೋ. ಅವ್ರು ಹೇಳ್ಕೊಟ್ಟಂಗೆ ಕತ್ತರ್ಸು.'

ಟೀಚರ್. ಆ ಮನುಷ್ಯನ ಬಾಯಿಂದ ಆ ಮಾತು ಕೇಳಬೇಕೆಂದು ನಾನು ಇಡೀ ಚಳಿಗಾಲ ಕಾದಿದ್ದೆ.

ಹುಡುಗಿ ಬಂದು ಮಂಡಿಗೆ ಮಂಡಿ ತಾಗಿಸಿ ಕೂತಳು. ಕಾಗದ ಕೊಟ್ಟೆ. ಮಡಿಸಿದಳು, ಮತ್ತೆ ಮಡಿಸಿದಳು, ಮರೆತಿರಲಿಲ್ಲ. ಕತ್ತರಿ ಆಡಿಸುತ್ತ, ತಲೆ ಎತ್ತದೆ ಕೇಳಿದಳು.

'ಟೀಚರ್, ಜೂನಲ್ಲಿ ನಮ್ ಸ್ಕೂಲ್ಗೆ ಬತ್ತೀರಾ?'

ಅಧ್ಯಕ್ಷರು ಇನ್ನೂ ಬಾಗಿಲಲ್ಲೇ ಇದ್ದರು. ನಾನು ಅವರ ಕಡೆ ನೋಡಿದೆ. ಅವರೂ ನೋಡಿದರು. ಆಮೇಲೆ ಅರೆಬರೆ ಕಟ್ಟಿದ್ದ ವಿಮಾನದ ಮೇಲೆ ಅವರ ಕಣ್ಣು ಹೋಯಿತು. ನನ್ನನ್ನು ನೋಡಿದರೆ ಇನ್ನು ಅವರಿಗೂ ಅದೇ ನೆನಪು. ಟವೆಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ನಡೆದರು.

'ಕತ್ತರಿ ನೆಟ್ಟಗೆ ಹಿಡ್ಕೋ ಪುಟ್ಟಿ, ಕಾಗದ ಹರಿದೋಗುತ್ತೆ' ಎಂದೆ.